ಅಂಡಮಾನ್‌ಗೆ ಮೊದಲ ಸಲ: ವಯಸ್ಸು 61 ಮತ್ತು 66, ಒಬ್ಬರಿಗೆ ಈಜು ಬರುತ್ತೆ, ಒಬ್ಬರಿಗೆ ಬರಲ್ಲ

ಕೆರೆ ದಂಡೆ ಟೀಚರ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಪಾಠ ಮಾಡಿ ಹೋದ ವರ್ಷ ನಿವೃತ್ತಿಯಾದೆ. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಮಕ್ಕಳ ಮದುವೆ ಆಯ್ತು, ಮನೆ ಸಾಲ ತೀರಿತು. ಈಗ ನಮಗೇ ಅಂತ ಒಂದು ಪ್ರವಾಸ ಮಾಡಬೇಕು. ಇಷ್ಟು ವರ್ಷ ನನಗೆ ಪ್ರವಾಸ ಅಂದ್ರೆ ಒಂದೋ ದೇವಸ್ಥಾನ, ಇಲ್ಲ ಬಸ್ಸಿನಲ್ಲಿ ಮಕ್ಕಳ ತಲೆ ಎಣಿಸೋದು.

ನಮಗೆ ದ್ವೀಪ ನೋಡುವ ಆಸೆ. ಹವಳ, ಬಣ್ಣದ ಮೀನು ಅಂತ ಪ್ರತಿ ವರ್ಷ ಬೋರ್ಡ್ ಮೇಲೆ ಚಿತ್ರ ಬರೆದಿದ್ದೇನೆ, ಒಂದು ಸಲವೂ ಕಣ್ಣಲ್ಲಿ ನೋಡಿಲ್ಲ. ನನ್ನ ಸಮುದ್ರ ಅಂದ್ರೆ ಗೋಕರ್ಣ, ಮುರುಡೇಶ್ವರ. ಅಲ್ಲೂ ಸೀರೆ ಮೇಲೆತ್ತಿಕೊಂಡು ಮೀನಖಂಡದವರೆಗೆ, ಅಷ್ಟೇ. ನಮ್ಮ ಮನೆಯವರು ಭದ್ರಾ ನಾಲೆಯಲ್ಲಿ ಈಜು ಕಲಿತವರು.

ಊರಲ್ಲಿ ಒಬ್ಬ ಏಜೆಂಟ್ ಹತ್ರ ಹೋಗಿದ್ದೆವು. "ಸೀನಿಯರ್ ಸಿಟಿಜನ್ ಪ್ಯಾಕೇಜ್" ಅಂತ ಒಂದು ಹಾಳೆ ಕೊಟ್ಟರು. ನಾಲ್ಕು ರಾತ್ರಿ, ಹನ್ನೊಂದು ಜಾಗ, ಎಲ್ಲಾ ಕಾರಲ್ಲೇ. ನಾನು ಸ್ನಾರ್ಕೆಲಿಂಗ್ (ಬಾಯಲ್ಲಿ ಕೊಳವೆ ಇಟ್ಟು ಉಸಿರಾಡುತ್ತಾ ತೇಲಿಕೊಂಡು ಮೀನು ನೋಡೋದು) ಕೇಳಿದ್ದಕ್ಕೆ "ಈ ವಯಸ್ಸಲ್ಲಿ ನೀರಿಗೆ ಇಳಿಯೋದು ಬೇಡ ಬಿಡಿ ಆಂಟಿ, ಗಾಜಿನ ತಳದ ಬೋಟ್ ಇದೆ" ಅಂದರು. ನಾವು ದಿನಾ ಬೆಳಗ್ಗೆ ಐದೂವರೆಗೆ ಕುಂದವಾಡ ಕೆರೆ ಸುತ್ತುವವರು. ಹೋದ ತಿಂಗಳು ದುರ್ಗದ ಕೋಟೆಯಲ್ಲಿ ಅಕ್ಕ ತಂಗಿ ಹೊಂಡ ದಾಟಿ ಮೇಲಿನವರೆಗೂ ಹತ್ತಿ ಇಳಿದೆವು. ಏದುಸಿರು ಬಿಟ್ಟವನು 35ರ ಅಳಿಯ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಯಾವ ತಿಂಗಳು ಹೋಗಬೇಕು? ಎಷ್ಟು ದಿನ ಬೇಕು? ಈಜು ಬಾರದ 61ರ ಹೆಂಗಸು ನಿಜಕ್ಕೂ ನೀರಿಗೆ ಇಳಿಯಬಹುದಾ? ಇವರಿಗೆ ಬಿಪಿ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ನನಗೆ ದೂರದ ಕನ್ನಡಕ. ನಾವು ಸಸ್ಯಾಹಾರಿಗಳು. ಇಬ್ಬರಿಗೂ ಸೇರಿ ಒಂದೂವರೆ ಲಕ್ಷ ತೆಗೆದಿಟ್ಟಿದ್ದೇವೆ.

*

ಏಳು ಸುತ್ತು, ಚಿತ್ರದುರ್ಗ:

ಮೇಡಂ, ಆ ಹಾಳೆಯನ್ನು ಮಂಡಕ್ಕಿ ಕಟ್ಟೋಕೆ ಇಟ್ಟುಕೊಳ್ಳಿ.

ನಾನು 67, ನಮ್ಮವಳು 63. ಎರಡು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ಇಂಥದ್ದೇ ಪ್ಯಾಕೇಜ್. ಬೆಳಗ್ಗೆ ಲಗೇಜ್ ಕಟ್ಟು, ಬೋಟ್ ಹತ್ತು, ಇಳಿ, ಫೋಟೋ ತೆಗಿ, ಮತ್ತೆ ಹತ್ತು. ಸಾಲದ್ದಕ್ಕೆ ಮೂರನೇ ದಿನ ಗಾಳಿ ಎದ್ದು ಬೋಟ್ ರದ್ದಾಯ್ತು. ವಿಮಾನ ಮರುದಿನ ಬೆಳಗ್ಗೆ. ನಾವು ಇನ್ನೂ ಹ್ಯಾವ್ಲಾಕ್ ದ್ವೀಪದಲ್ಲೇ ಇದ್ದೇವೆ! ಟಿಕೆಟ್ ದುಡ್ಡು ಸಮುದ್ರಕ್ಕೆ ಹಾಕಿದಂತಾಯ್ತು. ಏಜೆಂಟ್ ಫೋನ್ ಎತ್ತಲಿಲ್ಲ.

ಅದಕ್ಕೆ ಮೊದಲ ಮಾತು ಇದು. ವಾಪಸ್ ವಿಮಾನದ ಹಿಂದಿನ ರಾತ್ರಿ ನೀವು ವಿಮಾನ ನಿಲ್ದಾಣ ಇರುವ ಪೋರ್ಟ್ ಬ್ಲೇರ್‌ನಲ್ಲೇ ಮಲಗಿರಬೇಕು. ಸಣ್ಣ ದ್ವೀಪದಿಂದ ಬೆಳಗ್ಗೆ ಬೋಟ್ ಹಿಡಿದು ನೇರ ವಿಮಾನಕ್ಕೆ ಓಡುವ ಲೆಕ್ಕ ಇಟ್ಟುಕೊಳ್ಳಲೇಬೇಡಿ.

ಹೆಸರುಗಳಲ್ಲಿ ಗಲಿಬಿಲಿ ಆಗುತ್ತೆ, ಹೇಳಿಬಿಡುತ್ತೇನೆ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಹ್ಯಾವ್ಲಾಕ್ 2018ರ ಕೊನೆಯಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಈಗ ಶಹೀದ್ ದ್ವೀಪ. ಜನ ಹಳೇ ಹೆಸರೇ ಹೇಳುತ್ತಾರೆ. ಟಿಕೆಟ್ ಮೇಲೆ ಯಾವುದಿದ್ದರೂ ಗಾಬರಿ ಬೇಡ.

ಎಂಟು ರಾತ್ರಿ ಇಟ್ಟುಕೊಳ್ಳಿ. ಪೋರ್ಟ್ ಬ್ಲೇರ್ ಎರಡು, ಹ್ಯಾವ್ಲಾಕ್ ಮೂರು, ನೀಲ್ ಎರಡು, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್ ಒಂದು. ಹ್ಯಾವ್ಲಾಕ್‌ನ ಒಂದು ದಿನ ಖಾಲಿ ಬಿಡಿ. ಖಾಲಿ ಅಂದ್ರೆ ಖಾಲಿ. ರಾಧಾನಗರ ಬೀಚಿನಲ್ಲಿ ಹಿಂದೆ ದೊಡ್ಡ ದೊಡ್ಡ ಮರ, ಮುಂದೆ ಬಿಳಿ ಮರಳು. ನಾವು ಒಂದು ಮರದ ಕೆಳಗೆ ಮೂರು ಗಂಟೆ ಸುಮ್ನೆ ಕೂತಿದ್ದೆವು. 42 ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ಏನೂ ಕೆಲಸವಿಲ್ಲದೆ ಕೂತದ್ದು ಅದೇ ಮೊದಲು.

ಒಂದು ಎಚ್ಚರಿಕೆ. ಅಲ್ಲಿ ನಮ್ಮ ಗಡಿಯಾರದ ಹೊತ್ತೇ ಆದರೂ ಸೂರ್ಯ ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಮುಳುಗುತ್ತಾನೆ. ಫೆಬ್ರವರಿಯಲ್ಲಿ ಐದೂವರೆ ಆಗುವಷ್ಟರಲ್ಲಿ ಕತ್ತಲು ಶುರು. "ನಾಲ್ಕೂವರೆಗೆ ಕಾಫಿ ಕುಡಿದು ಹೊರಡೋಣ" ಅಂದರೆ ಕೆಟ್ಟಿರಿ. ಬೆಳಗ್ಗೆ ಐದೂವರೆಗೆ ಏಳುವ ನಿಮಗೆ ಇದು ಲಾಭವೇ, ಅಲ್ವಾ?

ತಿಂಗಳು: ಜನವರಿ ಕೊನೆಯಿಂದ ಮಾರ್ಚ್. ಅಲ್ಲಿ ಎರಡು ಮಳೆಗಾಲ. ಮೇ ತಿಂಗಳಿಂದ ನೈಋತ್ಯ ಮಾರುತ, ಆಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಈಶಾನ್ಯದ್ದು. ಡಿಸೆಂಬರ್ ಕೊನೇ ವಾರ ಜನಜಾತ್ರೆ, ರೇಟೂ ಜಾಸ್ತಿ. ರಜೆ ನೋಡಿಕೊಂಡು ಹೋಗುವ ಗೋಳು ನಿಮಗೆ ಮುಗಿದಿದೆಯಲ್ಲ, ಸುಮ್ನೆ ಆ ಗದ್ದಲಕ್ಕೆ ಯಾಕೆ ಹೋಗ್ತೀರಿ.

ಇನ್ನೊಂದು, ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಳ್ಳಿ. ಶಾಸ್ತ್ರಕ್ಕಲ್ಲ. ಆ ದಿನಗಳ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತೆ. ನೀಲ್‌ನಲ್ಲಿ ಕಲ್ಲಿನ ಸಹಜ ಸೇತುವೆ ಇದೆ. ನೀರು ಇಳಿದಾಗ ಮಾತ್ರ ಅಲ್ಲಿಗೆ ನಡೆದು ಹೋಗಬಹುದು, ಹೊಂಡಗಳಲ್ಲಿ ಹವಳ, ಸಣ್ಣ ಮೀನು ಕಾಣುತ್ತೆ. ಅದೇ ಹೊತ್ತಿಗೆ ಮೀನು ನೋಡೋಕೆ ನೀರಿಗಿಳಿಯೋಣ ಅಂದರೆ ನೀರೇ ಇರಲ್ಲ. ಇಳಿತದ ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತೆ. ಉಳಿದುಕೊಂಡ ಕಡೆ ಕೇಳಿದರೆ ಅವತ್ತಿನದು ಹೇಳುತ್ತಾರೆ.

ನಡೆಯುವವರಿಗೆ ಎರಡು ಜಾಗ. ಪೋರ್ಟ್ ಬ್ಲೇರ್ ಎದುರಿನ ಮೌಂಟ್ ಹ್ಯಾರಿಯಟ್ (2021ರಿಂದ ಮೌಂಟ್ ಮಣಿಪುರ). ಹಳೇ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂದಿನ ತೆಂಗಿನಮರ, ಸಮುದ್ರದ ಚಿತ್ರ ಅಲ್ಲಿಂದ ಕಾಣುವ ನೋಟವೇ. ಒಂದು ನೋಟು ಹುಡುಕಿ ತೆಗೆದುಕೊಂಡು ಹೋಗಿ, ಹಿಡಿದು ನೋಡಿ. ಎರಡನೆಯದು ಹ್ಯಾವ್ಲಾಕ್‌ನ ಎಲಿಫೆಂಟ್ ಬೀಚ್. ಎಲ್ಲರೂ ಬೋಟಿನಲ್ಲಿ ಹೋಗುತ್ತಾರೆ, ಕಾಡಿನೊಳಗೆ ಕಾಲುದಾರಿಯೂ ಇದೆ. ದಾರಿ ತೆರೆದಿದೆಯಾ ಕೇಳಿಕೊಂಡು, ಸ್ಥಳೀಯ ಗೈಡ್ ಜೊತೆ ಹೋಗಿ. ಬೇರುಗಳ ಮೇಲೆ ಕೆಸರು, ಚಪ್ಪಲಿ ನಡೆಯಲ್ಲ.

ಸೆಲ್ಯುಲರ್ ಜೈಲ್ ಬಗ್ಗೆ ಟೀಚರ್‌ಗೆ ನಾನೇನು ಹೇಳಲಿ. ಏಳು ಕವಲುಗಳಲ್ಲಿ ಈಗ ಮೂರೇ ಉಳಿದಿವೆ. ಅದಕ್ಕೆ ಅರ್ಧ ದಿನ ಕೊಡಿ, ಅವಸರದಲ್ಲಿ ನೋಡುವ ಜಾಗ ಅಲ್ಲ.

ನೀರಿಗಿಳಿಯುವ ವಿಷಯ ನನಗೆ ಗೊತ್ತಿಲ್ಲ, ನಾನು ಗಾಜಿನ ಬೋಟಿನವನೇ. ಗೊತ್ತಿರುವವರು ಹೇಳಲಿ.

*

ಮಿರ್ಚಿ ಮಂಡಕ್ಕಿ:

ಹವಳದ ದ್ವೀಪ ಅಂದ್ರೆ ಲಕ್ಷದ್ವೀಪ ಮೇಡಂ. ಅಂಡಮಾನ್ ಯಾಕೆ? ಹತ್ತಿರವೂ ಹೌದು.

*

ಕೆರೆ ದಂಡೆ ಟೀಚರ್:

ಗೊತ್ತು ಸರ್, ಅದನ್ನೇ ಪಾಠ ಮಾಡಿದವಳು. ಲಕ್ಷದ್ವೀಪ ಹವಳದಿಂದಲೇ ಆದದ್ದು, ಅಂಡಮಾನ್ ಮುಳುಗಿದ ಬೆಟ್ಟಸಾಲಿನ ತುದಿ, ಆದರೆ ಅದರ ಸುತ್ತಲೂ ಹವಳ ಇದೆ. ಲಕ್ಷದ್ವೀಪಕ್ಕೆ ಮೊದಲೇ ಪರವಾನಗಿ ತೆಗೆಯಬೇಕು. ಅಂಡಮಾನ್‌ಗಾದರೆ ಬೆಂಗಳೂರಿಂದ ನೇರ ವಿಮಾನ, ಎರಡೂವರೆ ಗಂಟೆ ಚಿಲ್ಲರೆ, ಗುರುತಿನ ಚೀಟಿ ಸಾಕು. ಜೊತೆಗೆ ಬೆಟ್ಟ, ಕಾಡು, ಜೈಲು ಎಲ್ಲಾ ಇದೆ. ಮೊದಲ ಸಲಕ್ಕೆ ಇದೇ ಸರಿ ಅನಿಸಿತು.

*

ಉಪ್ಪುನೀರು, ಎಂಸಿಸಿ ಬ್ಲಾಕ್ (ಸದ್ಯ ಬೆಂಗಳೂರು):

ಮೇಡಂ, ಆರಾಮಾಗಿ ಇಳಿಯಬಹುದು. (ಆಂಟಿ ಅನ್ನಲ್ಲ, ಧೈರ್ಯ ಇಲ್ಲ!) ನಾನು ಹ್ಯಾವ್ಲಾಕ್‌ಗೆ ನಾಲ್ಕು ಸಲ ಹೋಗಿದ್ದೇನೆ, ಅಮ್ಮನನ್ನೂ ಇಳಿಸಿದ್ದೇನೆ. ಅವರಿಗೂ ಈಜು ಬರಲ್ಲ.

ಸ್ನಾರ್ಕೆಲಿಂಗ್ ಅಂದ್ರೆ ಮುಳುಗೋದಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಮುಖ ಕೆಳಗೆ ಮಾಡಿ ತೇಲೋದು. ನೀವು ಹಿಡಿದುಕೊಂಡ ತೇಲುವ ಟ್ಯೂಬನ್ನು ಗೈಡ್ ಎಳೆದುಕೊಂಡು ಹೋಗುತ್ತಾರೆ. ಕಷ್ಟ ಆಗೋದು ಈಜಲ್ಲ, ಉಸಿರು. ಮೂಗು ಮಾಸ್ಕಿನ ಒಳಗೆ ಮುಚ್ಚಿರುತ್ತೆ, ಬಾಯಲ್ಲೇ ಉಸಿರಾಡಬೇಕು. ನೀರಿಗೆ ಮುಖ ಇಟ್ಟ ಕೂಡಲೇ ಎದೆ ಗಾಬರಿ ಬೀಳುತ್ತೆ. ಎಲ್ಲರಿಗೂ ಬೀಳುತ್ತೆ, ವಯಸ್ಸಿನ ಮಾತಲ್ಲ ಇದು.

ಅದಕ್ಕೆ ಒಂದು ಮಾಸ್ಕ್, ಸ್ನಾರ್ಕೆಲ್ ಈಗಲೇ ತರಿಸಿ. ಮನೆಯಲ್ಲೇ ದೊಡ್ಡ ಟಬ್‌ಗೆ ನೀರು ತುಂಬಿಸಿ ಮುಖ ಇಟ್ಟು ಅಭ್ಯಾಸ ಮಾಡಿ. ಪಕ್ಕದಲ್ಲಿ ಒಬ್ಬರು ಇರಲಿ. ಕೊಳವೆಗೆ ನೀರು ನುಗ್ಗಿದರೆ ತಲೆ ಎತ್ತಬೇಡಿ, ಊದುಗೊಳವೆಯಲ್ಲಿ ಒಲೆ ಊದುತ್ತೀವಲ್ಲ, ಹಾಗೆ ಒಂದೇ ಸಲ ಜೋರಾಗಿ ಊದಿ. ನೀರು ಮೇಲಿಂದ ಹಾರಿ ಹೋಗುತ್ತೆ. ಇದೊಂದು ಕೈಗೆ ಬಂದರೆ ಅರ್ಧ ಭಯ ಹೋದಂತೆ.

ಕನ್ನಡಕದ ಮೇಲೆ ಮಾಸ್ಕ್ ಕೂರಲ್ಲ, ಕಡ್ಡಿ ಅಡ್ಡ ಬಂದು ನೀರು ಒಳಗೆ ಬರುತ್ತೆ. ಪವರ್ ಗಾಜಿನ ಮಾಸ್ಕ್ ಸಿಗುತ್ತೆ. ನಿಮ್ಮ ನಂಬರ್ ಬರೆದು ಅಲ್ಲಿನ ಡೈವ್ ಅಂಗಡಿಗಳಲ್ಲಿ ಮೊದಲೇ ಕೇಳಿ. ಗಾಜಿಗೆ ಮಂಜು ಕಟ್ಟದಿರಲು ಒಳಗೆ ಉಗುಳು ಸವರಿ ತೊಳೆಯುತ್ತಾರೆ. ಎಂಜಲು ಅಂತ ಮುಖ ಸಿಂಡರಿಸಬೇಡಿ, ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೆ ಇಲ್ಲ. ಬಾಡಿಗೆ ಮಾಸ್ಕ್ ಆದರೆ ಬೇಬಿ ಶಾಂಪೂ ಒಂದು ಹನಿ.

ಸರ್‌ಗೆ ಮೀಸೆ ಇದೆಯಾ? ತಮಾಷೆ ಅಲ್ಲ. ಮಾಸ್ಕಿನ ಅಂಚು ಮೂಗಿನ ಕೆಳಗೆ, ಮೇಲ್ತುಟಿ ಮೇಲೆ ಕೂರುತ್ತೆ. ದಪ್ಪ ಮೀಸೆ ಇದ್ದರೆ ಅಲ್ಲಿಂದಲೇ ನೀರು ಸೋರುತ್ತೆ.

ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗೋದು) ಬೇರೆ ವಿಷಯ. ಇಳಿಯುವ ಮುಂಚೆ ಆರೋಗ್ಯದ ಫಾರಂ ತುಂಬಿಸುತ್ತಾರೆ. ಬಿಪಿ, ಹೃದಯ, ಉಬ್ಬಸ ಏನಿದ್ದರೂ ಮುಚ್ಚಿಡಬೇಡಿ. ಊರಲ್ಲೇ ಡಾಕ್ಟರ್ ಹತ್ರ ಕೇಳಿಕೊಂಡು ಹೋಗಿ, ಸ್ನಾರ್ಕೆಲಿಂಗ್‌ಗೂ ಒಂದು ಮಾತು ಕೇಳಿ. ಸ್ಕೂಬಾ ಮಾಡಿದರೆ ಆಮೇಲೆ 24 ಗಂಟೆ ವಿಮಾನ ಹತ್ತಬಾರದು.

ಬಟ್ಟೆ: ಕಾಟನ್ ಚೂಡಿದಾರ್ ಬೇಡ, ನೆನೆದರೆ ಭಾರ. ಈಜುವ ಬಟ್ಟೆಯಲ್ಲೇ ಉದ್ದ ತೋಳಿನದು, ಕಾಲು ಪೂರ್ತಿ ಮುಚ್ಚುವುದು ಸಿಗುತ್ತೆ. ಬೆನ್ನು ಸುಡುವುದೂ ತಪ್ಪುತ್ತೆ.

ಹವಳ ಮುಟ್ಟಬೇಡಿ, ಮೇಲೆ ನಿಲ್ಲಬೇಡಿ. ಮರಳಲ್ಲಿ ಸತ್ತು ಬಿದ್ದ ಚೂರನ್ನೂ ತರಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಮೊಸಳೆ ಬೋರ್ಡ್ ಹಾಕಿರುವ ಕಡೆ ನೀರಿಗೆ ಕಾಲಿಡಬೇಡಿ. ಉಪ್ಪುನೀರಿನ ಮೊಸಳೆ ಅಲ್ಲಿ ನಿಜಕ್ಕೂ ಇದೆ.

*

ಕೆರೆ ದಂಡೆ ಟೀಚರ್:

ಮೀಸೆ ಇದೆಯಾ ಅಂತ ಕೇಳ್ತೀರಲ್ಲ! ಡಿಪೋದಲ್ಲಿ ಇವರನ್ನು ಗುರುತಿಸುತ್ತಿದ್ದದ್ದೇ ಮೀಸೆಯಿಂದ. ನಿಮ್ಮ ಸಂದೇಶ ಜೋರಾಗಿ ಓದಿ ಹೇಳಿದೆ. ಪೇಪರ್ ಮಡಚಿಟ್ಟು "ಹಾಗಾದ್ರೆ ನೀನೊಬ್ಬಳೇ ಇಳಿ" ಅಂದರು. ಈಜು ಬರುವವರು ದಡದಲ್ಲಿ, ಬಾರದವಳು ನೀರಲ್ಲಿ.

ದುರ್ಗದ ಸರ್, ಊಟ, ದುಡ್ಡು, ಮೊಬೈಲ್ ಬಗ್ಗೆ ಸ್ವಲ್ಪ ಹೇಳಿ.

*

ಏಳು ಸುತ್ತು, ಚಿತ್ರದುರ್ಗ:

ಊಟಕ್ಕೆ ತೊಂದರೆ ಇಲ್ಲ ಮೇಡಂ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ಬೇಕಾದಷ್ಟು, ಇಡ್ಲಿ ದೋಸೆ ಸಿಗುತ್ತೆ. ಬೆಣ್ಣೆ ದೋಸೆ ಕೇಳಬೇಡಿ. ಹ್ಯಾವ್ಲಾಕ್, ನೀಲ್‌ನಲ್ಲಿ ಬಂಗಾಳಿಗಳು ಜಾಸ್ತಿ, ದೇಶ ವಿಭಜನೆ ಆದಮೇಲೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮನೆತನಗಳು. ನೀಲ್ ತರಕಾರಿ ಬೆಳೆಯುವ ದ್ವೀಪ. ಅನ್ನ, ಬೇಳೆ, ಪಲ್ಯ ಚೆನ್ನಾಗಿರುತ್ತೆ. ಆದರೂ ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಇರಲಿ, ಐದನೇ ದಿನ ನನ್ನನ್ನು ನೆನೆಯುತ್ತೀರಿ.

ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದುಕೊಳ್ಳಿ. ಸಣ್ಣ ದ್ವೀಪಗಳಲ್ಲಿ ಮೊಬೈಲ್ ಬಂದರೆ ಬಂತು. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದಮೇಲೆ ಎಷ್ಟೋ ವಾಸಿ. ದೊಡ್ಡ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲೇ, ಬಿಪಿ ಮಾತ್ರೆ ಎರಡು ಕಡೆ ಹಂಚಿ ಇಟ್ಟುಕೊಳ್ಳಿ.

ವಿಮಾನ ಬೆಳಗಿನ ಜಾವದ್ದಾದರೆ ರಾತ್ರಿ ಬಸ್ಸಿನಲ್ಲಿ ನಿದ್ದೆ ಕೆಡಿಸಿಕೊಂಡು ಹೋಗಬೇಡಿ. ಹಿಂದಿನ ಮಧ್ಯಾಹ್ನ ದಾವಣಗೆರೆಯಲ್ಲಿ ವಂದೇ ಭಾರತ್ ಹತ್ತಿ, ಯಶವಂತಪುರದಲ್ಲಿ ಇಳಿದು, ವಿಮಾನ ನಿಲ್ದಾಣದ ಕಡೆ ರೂಮ್ ಮಾಡಿ ಮಲಗಿ.

*

ಕೆರೆ ದಂಡೆ ಟೀಚರ್ (ಮೂರು ವಾರದ ಮೇಲೆ):

ಟಿಕೆಟ್ ಆಯ್ತು. ಫೆಬ್ರವರಿ ಎರಡನೇ ವಾರ, ಎಂಟು ರಾತ್ರಿ, ಕೊನೇ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ. ಡಾಕ್ಟರ್ ಇಬ್ಬರನ್ನೂ ನೋಡಿ, ಇಸಿಜಿ ಮಾಡಿಸಿ, ಸ್ನಾರ್ಕೆಲಿಂಗ್‌ಗೆ ಹೂಂ ಅಂದರು. ಸ್ಕೂಬಾ ಬೇಡ ಅಂದರು, ನಾವೂ ಕೇಳಿರಲಿಲ್ಲ. ಹಳೇ ಇಪ್ಪತ್ತರ ನೋಟು ಕಿರಾಣಿ ಅಂಗಡಿಯವರು ಕೊಟ್ಟರು.

ಬಚ್ಚಲ ಮನೆಯಲ್ಲಿ ಮೊಮ್ಮಗಳ ಸ್ನಾನದ ಟಬ್. ಮೊದಲ ದಿನ ನಾಲ್ಕನೇ ಉಸಿರಿಗೆ ಮುಖ ಎತ್ತಿಬಿಟ್ಟೆ, ಕೆಮ್ಮಿದ್ದೇ ಕೆಮ್ಮಿದ್ದು. ಮೂರನೇ ದಿನ ಊದುಗೊಳವೆ ಮಾತು ನೆನಪಾಗಿ ಊದಿದೆ. ನೀರು ಹಾರಿ ಇವರ ಮುಖಕ್ಕೇ ಬಿತ್ತು. ಆಮೇಲೆ ಭಯ ಆಗಲಿಲ್ಲ. ಉಸಿರು ಎಣಿಸುತ್ತೇನೆ, ಎಣಿಸುವ ಅಭ್ಯಾಸ ಇದೆಯಲ್ಲ. ಮೊನ್ನೆ ನೂರು ಆಯ್ತು.

ನಿನ್ನೆ ಬೆಳಗ್ಗೆ ಕೆರೆಯಿಂದ ಬಂದವರೇ ಇವರು ಕನ್ನಡಿ ಮುಂದೆ ಬಹಳ ಹೊತ್ತು ನಿಂತಿದ್ದರು. ಹತ್ತಿರ ಹೋಗಿ ನೋಡಿದರೆ ಮೂಗಿನ ಕೆಳಗೆ ಒಂದು ಗೆರೆಯಷ್ಟು ಮೀಸೆ ಇಲ್ಲ. ಕೆಳಗಿನದು ಹಾಗೇ ಇದೆ. ನಾನು ಏನೂ ಅನ್ನಲಿಲ್ಲ. ಮಾಸ್ಕ್ ಕೈಗೆ ಕೊಟ್ಟೆ. ಹಾಕಿಕೊಂಡು ಟಬ್‌ನಲ್ಲಿ ಮುಖ ಇಟ್ಟರು, ಒಂದು ಹನಿಯೂ ಸೋರಲಿಲ್ಲ.

ಆಮೇಲೆ ನನ್ನ ಸರದಿ. ನಾನು ಮುಖ ಇಟ್ಟಿದ್ದಾಗ ಟಬ್ ತಳಕ್ಕೆ ಮೊಮ್ಮಗಳ ಗೋಲಿ ಒಂದೊಂದೇ ಹಾಕಿದರು. ಹಸಿರು, ಹಳದಿ, ನೀಲಿ. ತಲೆ ಎತ್ತಿದ ಕೂಡಲೇ ಪ್ರಶ್ನೆ: "ಎಷ್ಟು ಮೀನು, ಟೀಚರ್?"

ಒಂಬತ್ತು ಅಂದೆ. ಹನ್ನೊಂದು ಇತ್ತಂತೆ.