ಸೂರ್ಯಕಾಂತಿ ಹಿಂಡಿ ಹಾಕಿದ ಮೇಲೆ ಮೊಟ್ಟೆ ಸಣ್ಣ, ಪ್ರೋಟೀನ್ ಲೆಕ್ಕ ಮಾತ್ರ ಸರಿ

ಬಯಲುಸೀಮೆ ಲೇಯರ್:
ಸೋಯಾ ರೇಟು ಏರಿತು ಅಂತ ಅರ್ಧ ತೆಗೆದು ಸೂರ್ಯಕಾಂತಿ ಹಿಂಡಿ ಹಾಕಿದೆ. ಮೊದಲು 100 ಕೆಜಿ ಫೀಡ್‌ಗೆ ಸೋಯಾ 20 ಕೆಜಿ. ಈಗ ಸೋಯಾ 10, ಸೂರ್ಯಕಾಂತಿ 15. ಹೆಚ್ಚಾದ 5 ಕೆಜಿಯನ್ನು ಮೆಕ್ಕೆಜೋಳದಲ್ಲಿ ಕಡಿಮೆ ಮಾಡಿದೆ. ಸೋಯಾದಲ್ಲಿ 45%, ಸೂರ್ಯಕಾಂತಿಯಲ್ಲಿ 30% ಪ್ರೋಟೀನ್. ಎರಡೂ ಲೆಕ್ಕಕ್ಕೆ 9 ಕೆಜಿಯೇ ಬರುತ್ತದೆ. ಆದರೆ ಮೊಟ್ಟೆ ಸಣ್ಣದಾಗಿದೆ, ಫೀಡ್ ಜಾಸ್ತಿ ತಿನ್ನುತ್ತಿವೆ. ಕಾಯಿಲೆ ಇಲ್ಲ, ನೀರೂ ಸರಿ ಇದೆ. ಹಿಂಡಿಯಲ್ಲಿ ಕಲಬೆರಕೆ ಇರಬಹುದಾ?

ಕೋಳಿಮನೆ:
ಮೊಟ್ಟೆ ಸಣ್ಣ ಅಂದ್ರೆ ಮೆಥಿಯೊನಿನ್ (ಪ್ರೋಟೀನ್ ಕಟ್ಟುವ ಒಂದು ಅಮೈನೋ ಆಮ್ಲ) ಕಡಿಮೆ. ಏರಿಸಿ ನೋಡಿ.

ಫೀಡ್ ಲೆಕ್ಕ:
ಸಾಮಾನ್ಯವಾಗಿ ಹೌದು, ಆದರೆ ಇಲ್ಲಿ ಅಲ್ಲ. ಸೂರ್ಯಕಾಂತಿಯಲ್ಲಿ ಮೆಥಿಯೊನಿನ್ ಚೆನ್ನಾಗಿದೆ, ಸುಮಾರು 90% ಜೀರ್ಣವೂ ಆಗುತ್ತದೆ. ಈ ಬದಲಾವಣೆಯಿಂದ ಅದು ಏರಿದೆಯೇ ಹೊರತು ಇಳಿದಿಲ್ಲ. ಸುಮ್ನೆ ದುಡ್ಡು ದಂಡ.

ಕೊರತೆ ಲೈಸೀನ್ ಅನ್ನುವ ಇನ್ನೊಂದು ಅಮೈನೋ ಆಮ್ಲದ್ದು. ಸೋಯಾದಲ್ಲಿ ಸುಮಾರು 2.8%, ಅದರಲ್ಲಿ 90% ಕೋಳಿಗೆ ದಕ್ಕುತ್ತದೆ. ಸಿಪ್ಪೆ ಇರುವ ಸೂರ್ಯಕಾಂತಿಯಲ್ಲಿ 1.05% ಆಸುಪಾಸು, ದಕ್ಕುವುದು 80-85%. ಹಳೆ ಮಿಶ್ರಣದ ಸೋಯಾದಿಂದ 504 ಗ್ರಾಂ ಜೀರ್ಣವಾಗುವ ಲೈಸೀನ್ ಸಿಗುತ್ತಿತ್ತು. ಈಗ ಸೋಯಾದಿಂದ 252, ಸೂರ್ಯಕಾಂತಿಯಿಂದ ಸುಮಾರು 130. ಮೆಕ್ಕೆಜೋಳದಲ್ಲಿ ಹೋದದ್ದೂ ಸೇರಿದರೆ 100 ಕೆಜಿ ಫೀಡ್‌ಗೆ ಸುಮಾರು 130 ಗ್ರಾಂ ಖೋತಾ. ಚೀಟಿಯ ಮೇಲಿನ ಕಚ್ಚಾ ಪ್ರೋಟೀನ್ ಅಂದರೆ ಬರೀ ಸಾರಜನಕದ ಅಳತೆ. ಅದರೊಳಗೆ ಯಾವ ಅಮೈನೋ ಆಮ್ಲ ಎಷ್ಟಿದೆ, ಎಷ್ಟು ದಕ್ಕುತ್ತದೆ ಅಂತ ಅದು ಹೇಳುವುದೇ ಇಲ್ಲ.

ನಾರಿನ ಕಾಟ ಬೇರೆ. ಸಿಪ್ಪೆ ಕರುಳನ್ನು ಉಜ್ಜುತ್ತಾ ಹೋದ ಹಾಗೆ ಲೋಳೆ ಜಾಸ್ತಿ ಸುರಿಯುತ್ತದೆ. ಲೋಳೆಯಲ್ಲಿ ಥ್ರಿಯೊನಿನ್ ಅನ್ನುವ ಅಮೈನೋ ಆಮ್ಲ ತುಂಬಾ ಇರುತ್ತದೆ, ಅದೂ ಹಿಕ್ಕೆಯಲ್ಲಿ ಹೋಗುತ್ತದೆ. ಜೊತೆಗೆ ಫೀಡ್‌ನ ಎನರ್ಜಿ ಇಳಿದಿದೆ, ಅದಕ್ಕೇ ನಿಮ್ಮ ಕೋಳಿ ಜಾಸ್ತಿ ತಿನ್ನುತ್ತಿರುವುದು.

ಈಗ ಮಾಡಬೇಕಾದ್ದು: 78% ಲೈಸೀನ್ ಇರುವ ಎಲ್-ಲೈಸೀನ್ ಹೈಡ್ರೋಕ್ಲೋರೈಡ್ ಟನ್ನಿಗೆ 1.6-1.7 ಕೆಜಿ. ಸ್ವಲ್ಪ ಎಣ್ಣೆ ಸೇರಿಸಿ, ಥ್ರಿಯೊನಿನ್ ಲೆಕ್ಕವನ್ನೂ ನೋಡಿಕೊಳ್ಳಿ.

ಹಿಂಡಿಯ ಬಣ್ಣ ಹೇಗಿದೆ? ಒಂದು ಹಿಡಿ ಬಿಳಿ ಕಾಗದದ ಮೇಲೆ ಹರಡಿ ನೋಡಿ.

ಬಯಲುಸೀಮೆ ಲೇಯರ್:
ಹರಡಿದೆ. ಕಪ್ಪು ಸಿಪ್ಪೆಯ ಚೂರು ತುಂಬಾ ಇದೆ. ಪುಡಿಯೂ ಕಂದು ಬಣ್ಣ, ಸ್ವಲ್ಪ ಸೀದ ವಾಸನೆ. ಲ್ಯಾಬ್‌ನಲ್ಲಿ ಲೈಸೀನ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಾ? ಎನ್‌ಜೈಮ್ ಹಾಕಿದರೆ ಸರಿಹೋಗಲ್ವಾ?

ಫೀಡ್ ಲೆಕ್ಕ:
ಸೀದ ವಾಸನೆ ಒಳ್ಳೆ ಲಕ್ಷಣ ಅಲ್ಲ. ಎಕ್ಸ್‌ಪೆಲ್ಲರ್‌ನಲ್ಲಿ (ಎಣ್ಣೆ ಹಿಂಡುವ ಯಂತ್ರ) ಕಾವು ಜಾಸ್ತಿಯಾದರೆ ಲೈಸೀನ್ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದು ಕೋಳಿಗೆ ದಕ್ಕಲ್ಲ. ಆದರೆ ಲ್ಯಾಬ್‌ನಲ್ಲಿ ಆಮ್ಲದಲ್ಲಿ ಕುದಿಸುವಾಗ ಅದರಲ್ಲೊಂದು ಪಾಲು ಬಿಟ್ಟುಕೊಂಡು ಲೆಕ್ಕಕ್ಕೆ ಬರುತ್ತದೆ, ರಿಪೋರ್ಟ್ ಚೆನ್ನಾಗೇ ಕಾಣುತ್ತದೆ. ಹಾಗಾಗಿ ಟೆಸ್ಟ್ ಮಾಡಿಸುವುದಾದರೆ ‘ರಿಯಾಕ್ಟಿವ್ ಲೈಸೀನ್’ (ಸಕ್ಕರೆಗೆ ಅಂಟದೆ ಉಳಿದದ್ದು) ಅಂತಲೇ ಕೇಳಿ. ಈ ಲೋಡಿನಲ್ಲಿ ಲೈಸೀನ್ 80% ದಕ್ಕುತ್ತದೆ ಅಂತ ಕೂಡ ಹಿಡಿಯಬೇಡಿ, 70ಕ್ಕೆ ಲೆಕ್ಕ ಹಾಕಿ. ಲೈಸೀನ್ ಟನ್ನಿಗೆ ಇನ್ನೊಂದು 200 ಗ್ರಾಂ ಏರುತ್ತದೆ.

ಎನ್‌ಜೈಮ್ ನಾರನ್ನು ಸ್ವಲ್ಪ ಸಡಿಲಿಸಬಹುದು. ಇಲ್ಲದ ಲೈಸೀನ್ ಎಲ್ಲಿಂದ ತರುತ್ತದೆ?

ಕೋಳಿಮನೆ:
ಹಾಗಾದ್ರೆ ಮರಿಗಳಿಗೂ ಇದೇ ಹಿಂಡಿ ಹಾಕಬಹುದಾ?

ಫೀಡ್ ಲೆಕ್ಕ:
ಈ ಲೋಡನ್ನು ಬೇಡವೇ ಬೇಡ. ಸಿಪ್ಪೆ ತೆಗೆದ, ತಿಳಿ ಬಣ್ಣದ ಹಿಂಡಿ ಸಿಕ್ಕರೆ ಬೆಳೆಯುವ ಕೋಳಿಗಳಿಗೆ ಸ್ವಲ್ಪದಿಂದ ಶುರು ಮಾಡಿ. ಸ್ಟಾರ್ಟರ್‌ನಲ್ಲಿ (ಮರಿಗಳ ಮೊದಲ ಫೀಡ್) ಸೋಯಾನೇ ಇರಲಿ.