ನಗರದಂಚಿನ ಹೊಲ ಮಾರಿದರೆ ತೆರಿಗೆ: ಲಿಖಿತ ಅಭಿಪ್ರಾಯಕ್ಕೆ ಮೊದಲು ಏನೇನು ನೋಡಬೇಕು?

ಪ್ರಶ್ನೆ (ದಾವಣಗೆರೆಯಿಂದ)

ಮಾನ್ಯರೆ, ಈ ವರ್ಷವಷ್ಟೇ ಸ್ವಂತವಾಗಿ ತೆರಿಗೆ ಸಲಹೆಯ ಕಚೇರಿ ತೆರೆದಿದ್ದೇನೆ. ಹರಿಹರದ ಕಡೆಯ ಹಳ್ಳಿಯೊಂದರ ರೈತರು ಕಳೆದ ನವೆಂಬರಿನಲ್ಲಿ, ಅಂದರೆ 2024ರಲ್ಲಿ, ಎರಡು ಎಕರೆ ಮೆಕ್ಕೆಜೋಳದ ಹೊಲ ಮಾರಿದ್ದಾರೆ. ದಾವಣಗೆರೆ ಪಾಲಿಕೆಯ ಗಡಿಯಿಂದ ರಸ್ತೆಯಲ್ಲಿ ಏಳು ಕಿಲೋಮೀಟರ್ ಆಗುವುದರಿಂದ ತೆರಿಗೆ ಬಾರದೆಂದು ನೆಂಟರು ಧೈರ್ಯ ಹೇಳಿದ್ದಾರಂತೆ. ತೀರ್ಪುಗಳನ್ನು ಹುಡುಕಿದರೆ ಕೆಲವು ರಸ್ತೆಯ ದೂರವನ್ನೂ ಕೆಲವು ನೇರ ದೂರವನ್ನೂ ಹಿಡಿಯುತ್ತವೆ. ಯಾವುದನ್ನು ಆಧರಿಸಲಿ?

ಉತ್ತರ 1

ಆ ತೀರ್ಪುಗಳ ನಡುವೆ ಜಗಳವಿಲ್ಲ, ಅವು ಬೇರೆ ಬೇರೆ ವರ್ಷಗಳಿಗೆ ಸೇರಿದವು. 2013ರ ಹಣಕಾಸು ಕಾಯ್ದೆಯು 1961ರ ಆದಾಯ ತೆರಿಗೆ ಕಾಯ್ದೆಯ 2(14)ನೇ ಸೆಕ್ಷನ್ನಿಗೆ ತಂದ ತಿದ್ದುಪಡಿಯಂತೆ, 2014-15ನೇ ನಿರ್ಧಾರಣಾ ವರ್ಷದಿಂದ (ಹಿಂದಿನ ಹಣಕಾಸು ವರ್ಷದ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವ ವರ್ಷ) ದೂರವನ್ನು ಆಕಾಶಮಾರ್ಗದ ನೇರ ಗೆರೆಯಲ್ಲೇ ಅಳೆಯಬೇಕು. ಹಿಂದಿನ ವರ್ಷಗಳಿಗೆ ಅದು ಅನ್ವಯಿಸದೆಂದು ಕೇಂದ್ರ ನೇರ ತೆರಿಗೆ ಮಂಡಳಿಯೇ 2015ರ 17ನೇ ಸುತ್ತೋಲೆಯಲ್ಲಿ ಒಪ್ಪಿದೆ. ಆದ್ದರಿಂದ ತೀರ್ಪಿನ ಸಾರಾಂಶಕ್ಕಿಂತ ಮೊದಲು ಅದರ ನೆತ್ತಿಯ ಮೇಲಿರುವ ನಿರ್ಧಾರಣಾ ವರ್ಷವನ್ನು ಓದಿ.

ಊರಿನ ಗಡಿಯಿಂದ ನಿಗದಿತ ದೂರದೊಳಗಿರುವ ಹೊಲಕ್ಕಷ್ಟೇ ಈ ತೆರಿಗೆ; ಊರಿನ ಜನಸಂಖ್ಯೆ 1 ಲಕ್ಷ ಮೀರಿ 10 ಲಕ್ಷದವರೆಗಿದ್ದರೆ 6 ಕಿಲೋಮೀಟರ್ ಮಿತಿ. 2011ರ ಜನಗಣತಿಯಲ್ಲೇ ದಾವಣಗೆರೆ 4 ಲಕ್ಷ ದಾಟಿತ್ತು. ರಸ್ತೆಯ ಏಳು, ನೇರ ಗೆರೆಯಲ್ಲಿ ಆರರೊಳಗೆ ಬಂದುಬಿಡಬಹುದು. ಹರಿಹರವನ್ನೂ ಮರೆಯಬೇಡಿ: ಅದು ಲಕ್ಷದೊಳಗಿನ ಊರು, ಅಲ್ಲಿಗೆ 2 ಕಿಲೋಮೀಟರ್ ಮಿತಿ. ಯಾವುದೇ ಒಂದರ ವ್ಯಾಪ್ತಿಯಲ್ಲಿ ಬಿದ್ದರೂ ಹೊಲ ಬಂಡವಾಳ ಆಸ್ತಿಯೇ, ಅಂದರೆ ಮಾರಿದ ಲಾಭಕ್ಕೆ ತೆರಿಗೆ ಬರುತ್ತದೆ.

ಉತ್ತರ 2 (ಚಿತ್ರದುರ್ಗದಿಂದ)

ದೂರ ಅಳೆಯುವ ಮೊದಲು ಕಾಗದಪತ್ರ ತರಿಸಿಕೊಳ್ಳಿ. ಒಮ್ಮೆ ನಾನು ಪಹಣಿಯಷ್ಟನ್ನೇ ನೋಡಿ ಕೃಷಿ ಜಮೀನೆಂದು ಬರೆದುಕೊಟ್ಟಿದ್ದೆ; ವಾರದ ನಂತರ ಕಕ್ಷಿದಾರರು ಭೂಪರಿವರ್ತನೆ ಆದೇಶವನ್ನು ಸಂಚಿಯಿಂದ ಹೊರತೆಗೆದರು. ಕೇಳದಿದ್ದದ್ದು ನನ್ನ ತಪ್ಪು. ಕಂದಾಯ ದಾಖಲೆಯಲ್ಲಿ ಕೃಷಿ ಎಂದಿದ್ದ ಮಾತ್ರಕ್ಕೆ ಸಾಲದೆಂಬುದನ್ನು ಸರೀಫಾಬೀಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿಯೇ ಹೇಳಿದೆ. ಆ ತೀರ್ಪನ್ನು ಪೂರ್ತಿ ಓದಿ, ಅಲ್ಲಿನ ಸಂಗತಿಗಳನ್ನು ನಿಮ್ಮವರ ಸಂಗತಿಗಳ ಪಕ್ಕದಲ್ಲಿಟ್ಟು ನೋಡಿ.

ತೆರಿಗೆ ಬರುವುದಾದರೂ ಅಲ್ಲಿಗೇ ನಿಲ್ಲಿಸಬೇಡಿ. ಮಾರಾಟಕ್ಕೆ ಹಿಂದಿನ ಎರಡು ವರ್ಷ ಅವರಾಗಲಿ ತಂದೆತಾಯಿಯಾಗಲಿ ಉಳುಮೆ ಮಾಡಿದ್ದರೆ, ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡು 54ಬಿ ಸೆಕ್ಷನ್ನಿನ ವಿನಾಯಿತಿ ಪಡೆಯಬಹುದು. ರಿಟರ್ನ್ ಸಲ್ಲಿಸುವ ಹೊತ್ತಿಗೆ ಕೊಳ್ಳಲಾಗದಿದ್ದರೆ, ರಿಟರ್ನ್ ಗಡುವಿನೊಳಗೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭದ ಖಾತೆಯಲ್ಲಿ ಇಡಿಸಿ.

ಪ್ರಶ್ನೆ ಕೇಳಿದವರು

ಭೂಪರಿವರ್ತನೆ ಆಗಿಲ್ಲ. ನಕ್ಷೆಯಲ್ಲಿ ಪಾಲಿಕೆಯ ಗಡಿಯಿಂದ ನೇರ ದೂರ 5.4 ಕಿಲೋಮೀಟರ್ ಬಂದಿದೆ, ಆದ್ದರಿಂದ ನೆಂಟರ ಮಾತು ನಿಲ್ಲದು. ಆ ರೈತರು ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡುತ್ತಿದ್ದಾರೆ; ಕ್ರಯಪತ್ರ, ಹೊಲದ ಮಾರಾಟಕ್ಕೆ ಎರಡು ವರ್ಷ ತುಂಬುವ 2026ರ ನವೆಂಬರಿನ ದಿನಾಂಕವನ್ನು ದಾಟಬಾರದೆಂದು ಅಭಿಪ್ರಾಯದ ಮೊದಲ ಪುಟದಲ್ಲೇ ಬರೆಯುತ್ತಿದ್ದೇನೆ.