ಅಪ್‌ಡೇಟ್: ತಂಗಿಗೆ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಸಿಕ್ಕಿತು!

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಓದುವ ತಂಗಿಗೆ ಸ್ಕಾಲರ್‌ಶಿಪ್ ಕೊಡುವಾಗ ಮಾರ್ಕ್ಸ್ ನೋಡ್ತಾರಾ, ಮನೆಯ ಆದಾಯ ನೋಡ್ತಾರಾ ಅಂತ ಕೇಳಿದ್ದೆ. ಕೇಂದ್ರ ಸರ್ಕಾರ ಕೊಡುವ ಈ ಸ್ಕಾಲರ್‌ಶಿಪ್‌ನಲ್ಲಿ ಎರಡನ್ನೂ ನೋಡುತ್ತಾರೆ. ಪಿಯುಸಿಯಲ್ಲಿ ತನ್ನ ವಿಭಾಗದ ಮೊದಲ ಶೇ. 20 ಮಕ್ಕಳಲ್ಲಿ ಇರಬೇಕು, ಮನೆಯ ವಾರ್ಷಿಕ ಆದಾಯ 4.5 ಲಕ್ಷ ದಾಟಿರಬಾರದು. ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ. ಬೇರೆ ಸ್ಕಾಲರ್‌ಶಿಪ್ ಜೊತೆಗೆ ಇದನ್ನು ತಗೊಳ್ಳುವ ಹಾಗಿಲ್ಲ, ಹಾಗಾಗಿ ಯಾವುದು ಬೇಕು ಅಂತ ಮೊದಲೇ ಯೋಚಿಸಿ.

ಎನ್‌ಎಸ್‌ಪಿಯಲ್ಲಿ (ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿದರೆ ಮುಗಿಯಲ್ಲ. ಕಾಲೇಜಿನವರು ವೆರಿಫೈ ಮಾಡಲೇಬೇಕು. ಅಲ್ಲೇ ಜಾಸ್ತಿ ಅರ್ಜಿಗಳು ನಿಂತುಬಿಡುತ್ತವೆ, ಹೋಗಿ ಕೇಳಿ.

ನಮಗೆ ತಲೆನೋವಾಗಿದ್ದು ಬ್ಯಾಂಕು. ಆಧಾರ್ ಲಿಂಕ್ ಆಗಿದೆ ಅಂತಲೇ ಹೇಳುತ್ತಿದ್ದರು. ಆದರೆ ದುಡ್ಡು ಬರಲು ಎನ್‌ಪಿಸಿಐ ಮ್ಯಾಪಿಂಗ್ ಬೇಕು, ಅಂದರೆ ಆಧಾರ್ ಮೂಲಕ ಬರುವ ಸರ್ಕಾರಿ ದುಡ್ಡು ಯಾವ ಬ್ಯಾಂಕಿನ ಖಾತೆಗೆ ಹೋಗಬೇಕು ಅಂತ ದಾಖಲಾಗಬೇಕು. ಅದು ಬೇರೆ. ಅದಕ್ಕೆ ಪ್ರತ್ಯೇಕ ಫಾರಂ ಬರೆದುಕೊಟ್ಟ ಮೇಲೆ ಸರಿಹೋಯಿತು.

ಮುಂದಿನ ವರ್ಷ ರಿನ್ಯೂವಲ್‌ಗೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ತಂಗಿಗೆ ಅದು ಕಷ್ಟವಲ್ಲ. ಆಧಾರ್ ವಿಷಯ ಹೇಳಿಕೊಟ್ಟವರಿಗೆ ಅಪ್ಪ ಅಮ್ಮನ ಕಡೆಯಿಂದಲೂ ತುಂಬಾ ಥ್ಯಾಂಕ್ಸ್.